ಬೀಫಾತುಮ್ಮನ ಬ್ಯಾಟರಿ ಪಾಠ

ಕೆಲವರು ಬದುಕಿಡೀ ಒಂದು ವಿಷಯವನ್ನು ಕಲಿಸುತ್ತಾರೆ, ಆದರೆ ಆ ವಿಷಯ ಎದುರಿಗೆ ಬಂದು ನಿಂತರೆ ಗುರುತು ಹಿಡಿಯುವುದಿಲ್ಲ. ನಾನು ಆ ಜಾತಿಗೆ ಸೇರಿದವನು. ಹನ್ನೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟಿದ್ದೆ. ವರ್ಷಕ್ಕೊಮ್ಮೆ ವಿದ್ಯುತ್ತಿನ ಪಾಠ ಬರುತ್ತಿತ್ತು. ಕಪ್ಪು ಹಲಗೆಯ ಮೇಲೆ ಒಂದು ಉದ್ದ ಗೆರೆ, ಅದರ ಪಕ್ಕದಲ್ಲಿ ಒಂದು ಗಿಡ್ಡ ಗೆರೆ ಎಳೆದು "ಇದು ಬ್ಯಾಟರಿ" ಎಂದು ಗಂಭೀರವಾಗಿ ಹೇಳುತ್ತಿದ್ದೆ. ಮಕ್ಕಳು ನಂಬಿ ಬರೆದುಕೊಳ್ಳುತ್ತಿದ್ದರು. ನಮ್ಮ ಶಾಲೆಗೆ ಆಗ ಕರೆಂಟೇ ಬಂದಿರಲಿಲ್ಲವಾದ್ದರಿಂದ ನನ್ನನ್ನು ಸುಳ್ಳುಗಾರ ಎಂದು ಸಾಬೀತು ಮಾಡುವ ವಸ್ತು ಯಾವುದೂ ಹತ್ತಿರದಲ್ಲಿರಲಿಲ್ಲ. ಮನೆಯಲ್ಲಿ ಟಾರ್ಚಿಗೆ ಸೆಲ್ಲು ಹಾಕುವ ಕೆಲಸ ಮಾತ್ರ ಹೆಂಡತಿ ಜಾನಕಿಯದು. ನಾನು ಹಾಕಿದರೆ ಅದು ಹೊತ್ತುತ್ತಿರಲಿಲ್ಲ. "ನೀವು ಎರಡನ್ನೂ ಮುಖಕ್ಕೆ ಮುಖ ಮಾಡಿ ಮಲಗಿಸಿದ್ದೀರಿ" ಎಂದು ಅವಳು ತಿರುಗಿಸಿ ಹಾಕುವಳು. ನಾನು ಆ ಹೊತ್ತಿಗೆ ಉತ್ತರಪತ್ರಿಕೆ ತಿದ್ದುವುದರಲ್ಲಿ ಮುಳುಗಿರುತ್ತಿದ್ದೆ.

ಹೀಗೆ ಮರ್ಯಾದೆಯಿಂದ ನಡೆದುಹೋಗುತ್ತಿದ್ದ ಬಾಳಿಗೆ ಒಂದು ಮೋಟಾರು ಬೋಟು ಬಂದು ಡಿಕ್ಕಿ ಹೊಡೆಯಿತು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಊರು ಕುಮಾರಧಾರೆಯ ಈಚೆ ದಡದಲ್ಲಿ, ಬೆಳ್ಳಾರೆಯ ಬಸ್ಸು ಬರುವ ಕಡೆ. ಆಚೆ ದಡದವರಿಗೆ ಶಾಲೆ, ಅಂಚೆ, ನರ್ಸಮ್ಮ ಎಲ್ಲವೂ ಈಚೆ. ನಡುವೆ ಸೇತುವೆ ಇಲ್ಲ. ಜನ ದಾಟುವ ಜಾಗಕ್ಕೆ ನಮ್ಮಲ್ಲಿ ಕಡವು ಎನ್ನುತ್ತಾರೆ. ಅಲ್ಲಿ ಐತಪ್ಪ ಎಂಬಾತ ಮೂವತ್ತು ವರ್ಷದಿಂದ ಉದ್ದದ ಬಿದಿರು ಊರಿ ದೋಣಿ ನಡೆಸುತ್ತಿದ್ದ. ಬೇಸಗೆಯಲ್ಲಿ ಮೊಣಕಾಲು ಮಟ್ಟದ ನೀರು, ದೋಣಿಯೇ ಬೇಡ. ಮಳೆಗಾಲದಲ್ಲಿ ಮಾತ್ರ ಆ ಹೊಳೆಯನ್ನು ನೋಡಿದವರಿಗೆ ಅದು ನೀರು ಅನ್ನಿಸುವುದಿಲ್ಲ. ಕೆಂಪು ಗುಡ್ಡವೊಂದು ಎದ್ದು ನಡೆಯತೊಡಗಿದೆ ಅನ್ನಿಸುತ್ತದೆ. ಅಂಥ ದಿನಗಳಲ್ಲಿ ಐತಪ್ಪನ ಬಿದಿರಿಗೆ ನೆಲ ಸಿಗುತ್ತಿರಲಿಲ್ಲ, ಕಡವು ವಾರಗಟ್ಟಲೆ ಬಂದ್.

ಕಡವು ಸಮಿತಿಯ ಅಧ್ಯಕ್ಷರು ಮಂಜಪ್ಪ ರೈಗಳು. ಅವರ ಭಾವನವರು ಮಂಗಳೂರಿನಲ್ಲಿ ಮೀನಿನ ಕಸುಬಿನವರು. ತಾವು ಬಳಸದೆ ಬಿಟ್ಟಿದ್ದ ಹಳೆಯ ಮರದ ಬೋಟೊಂದನ್ನು ಊರಿಗೆ ಉಪಕಾರವಾಗಲಿ ಎಂದು ಲಾರಿಯಲ್ಲಿ ಹೇರಿಸಿ ಕಳಿಸಿದರು. ಹತ್ತು ಜನ ಕೂರಬಹುದು. ನಡುವೆ ಹಲಗೆಯ ಗೂಡಿನೊಳಗೆ ಡೀಸೆಲ್ ಇಂಜಿನು. ಅದನ್ನು ಕೈಯಿಂದ ತಿರುಗಿಸಿ ಎಬ್ಬಿಸುವ ಹ್ಯಾಂಡಲು ಮಂಗಳೂರಿನಲ್ಲೇ ಎಲ್ಲೋ ಉಳಿದಿತ್ತು. ಗುಂಡಿ ಒತ್ತಿಯೇ ಎಬ್ಬಿಸಬೇಕು. ಗುಂಡಿಯ ಬೆನ್ನಿಗೆ ಬ್ಯಾಟರಿ. ಲಾರಿಯಿಂದ ಅದನ್ನು ಇಬ್ಬರು ಹಿಡಿದು ಇಳಿಸಿದರು. ಕಪ್ಪು ಪೆಟ್ಟಿಗೆ, ತಲೆಯ ಮೇಲೆ ಆರು ಬಿರಡೆ, ಎರಡು ಸೀಸದ ಕೊಂಬು. ಊರಿನವರು ಸುತ್ತ ನಿಂತು ನೋಡಿದರು. ಅದರಲ್ಲಿ ಅಲುಗಾಡುವ ಭಾಗ ಒಂದೂ ಇರಲಿಲ್ಲ, ಸದ್ದಿಲ್ಲ, ಬಿಸಿಯಿಲ್ಲ. ಆದರೂ ಬೋಟಿನ ಜೊತೆ ಬಂದಿದ್ದ ಮೆಕ್ಯಾನಿಕ್ ಗುಂಡಿ ಒತ್ತಿದಾಗ ಎರಡಾಳು ತೂಕದ ಇಂಜಿನು ಮೈಕೊಡವಿಕೊಂಡು ಎದ್ದಿತು. ಐತಪ್ಪ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದ. ನನಗೂ ಮುಗಿಯಬೇಕೆನ್ನಿಸಿತು. ವಿಜ್ಞಾನದ ಮೇಷ್ಟ್ರು ಎಂಬ ಕಾರಣಕ್ಕೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಮೆಕ್ಯಾನಿಕ್ ಲಾರಿ ಹತ್ತಿ ಹೋದ ಮೇಲೆ ರೈಗಳು ಕೇಳಿದರು, "ಇನ್ನು ಇದನ್ನು ನೋಡಿಕೊಳ್ಳುದು ಯಾರು?" ಎಲ್ಲರೂ ನನ್ನ ಕಡೆ ತಿರುಗಿದರು. "ನಮ್ಮ ಮಾಷ್ಟ್ರು ಉಂಟಲ್ಲ ಮಾರಾಯ್ರೆ! ಕರೆಂಟಿನ ಪಾಠ ಮಾಡುದೇ ಅವರು." ಇಂಜಿನು ಐತಪ್ಪನಿಗೆ, ಬ್ಯಾಟರಿ ಮತ್ತು ವಯರುಗಳು ನನಗೆ ಎಂದು ಅಲ್ಲೇ ಹಂಚಿಕೆಯಾಯಿತು. ಬೇಡ ಎನ್ನಲು ಬಾಯಿ ತೆರೆದೆ. ಆದರೆ ಆ ಗುಂಪಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಏಳೆಂಟು ಮಂದಿ ಇದ್ದರು. ತೆರೆದ ಬಾಯಿಂದ ಹೊರಬಂದ ಮಾತು, "ಅದಕ್ಕೇನಂತೆ, ನೋಡಿಕೊಳ್ಳೋಣ."

ನೋಡಿಕೊಂಡೆ. ದಿನವೂ ಶಾಲೆಗೆ ಹೋಗುವ ಮುಂಚೆ ಕಡವಿಗೆ ಇಳಿದು ಗೂಡಿನ ಮುಚ್ಚಳ ತೆಗೆದು ಬ್ಯಾಟರಿಯನ್ನು ಐದು ನಿಮಿಷ ನೋಡಿಕೊಂಡು, ಪುನಃ ಮುಚ್ಚಿ ಬರುತ್ತಿದ್ದೆ. ಬೇರೇನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ. ಒಂದು ತಿಂಗಳಾದ ಮೇಲೆ ಬಿರಡೆ ಬಿಚ್ಚಿ ಇಣುಕಿದರೆ ಒಳಗೆ ನೀರು ಇಳಿದಿತ್ತು. ಬ್ಯಾಟರಿಗೆ ನೀರು ಬೇಕೆಂಬುದು ನನಗೆ ಗೊತ್ತಿತ್ತು. ಯಾವ ನೀರು ಎಂಬುದನ್ನು ಯೋಚಿಸಿ, ಊರಿನಲ್ಲೇ ಶ್ರೇಷ್ಠವೆಂದು ಹೆಸರಾದ ದೇವಸ್ಥಾನದ ಬಾವಿಯ ನೀರನ್ನು, ಸ್ನಾನ ಮಾಡಿ, ಹೊಸ ತಂಬಿಗೆಯಲ್ಲಿ ತಂದು ತುಂಬಿಸಿದೆ. ಅಷ್ಟು ಶುದ್ಧವಾಗಿ ಬ್ಯಾಟರಿಗೆ ಯಾರೂ ನೀರು ಹಾಕಿರಲಿಕ್ಕಿಲ್ಲ. ಕೆಲವು ವಾರಗಳಲ್ಲಿ ಗುಂಡಿ ಒತ್ತಿದರೆ ಇಂಜಿನು ನಿದ್ದೆಗಣ್ಣಿನಲ್ಲಿ ಒಮ್ಮೆ ಹೊರಳಿ ಪುನಃ ಮಲಗತೊಡಗಿತು.

ಬೆಳ್ಳಾರೆಯಲ್ಲಿ ಒಂದು ಬ್ಯಾಟರಿ ಚಾರ್ಜಿನ ಅಂಗಡಿ ಉಂಟೆಂದು ಬಸ್ಸಿನ ಕಂಡಕ್ಟರ್ ಹೇಳಿದ. ಬ್ಯಾಟರಿಯನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಕಾಲುಗಳ ನಡುವೆ ಇಟ್ಟುಕೊಂಡು ಹೋದೆ. ತಿರುವಿನಲ್ಲಿ ಅದು ಉರುಳದಂತೆ ಮೊಣಕಾಲಿನಿಂದ ಒತ್ತಿ ಹಿಡಿದಿದ್ದೆ. ಅದರ ಪರಿಣಾಮ ಮರುದಿನ ಜಾನಕಿ ಪ್ಯಾಂಟು ಒಗೆದಾಗ ತಿಳಿಯಿತು. ಅವಳು ಅದನ್ನು ಬಿಸಿಲಿಗೆ ಎತ್ತಿ ಹಿಡಿದು, "ಇದನ್ನು ಇನ್ನು ಅವಲಕ್ಕಿ ಜರಡಿ ಹಿಡಿಯಲಿಕ್ಕೆ ಇಟ್ಟುಕೊಳ್ಳಬಹುದು" ಎಂದಳು. ಆಸಿಡ್ಡು ಬಟ್ಟೆಯನ್ನು ತಿನ್ನುತ್ತದೆಂದು ನಾನೇ ಎಂಟನೇ ಕ್ಲಾಸಿಗೆ ನೋಟ್ಸು ಬರೆಸಿದ್ದೆ.

ಅಂಗಡಿ ಎಂದರೆ ಮನೆಯ ಜಗಲಿ. ಹತ್ತು ಹನ್ನೆರಡು ಬ್ಯಾಟರಿಗಳು ಸಾಲಾಗಿ ಕೂತಿದ್ದವು. ಬಸ್ಸಿನವು, ಜೀಪಿನವು, ಮದುವೆಗೆ ಮೈಕ್ ಕಟ್ಟುವವರವು. ಒಳಗಿಂದ ತಲೆಗೆ ಬಿಳಿ ಬಟ್ಟೆ ಸುತ್ತಿದ ಅರುವತ್ತರ ಹೆಂಗಸೊಬ್ಬರು ಬಂದರು. ಅಂಗಡಿಯವರು ಎಲ್ಲಿ ಎಂದು ಕೇಳಿದೆ.

"ಮಗ ದುಬೈಗೆ ಹೋಗಿ ನಾಲ್ಕು ವರ್ಷ ಆಯ್ತು. ಅಂಗಡಿ ಇಲ್ಲೇ ಉಂಟು. ಎಂತ ಆಗಬೇಕಿತ್ತು?"

"ಬ್ಯಾಟರಿ ನೋಡುವವರು ಬೇಕಿತ್ತಮ್ಮ."

"ನೋಡುವವರು ನಾನೇ. ಇಡಿ ಇಲ್ಲಿ."

ಅವರೇ ಬೀಫಾತುಮ್ಮ. ಗಂಡ ಬದುಕಿದ್ದಾಗ ಅವರ ಪಕ್ಕದಲ್ಲಿ ಕೂತು, ಗಂಡನ ನಂತರ ಮಗನ ಪಕ್ಕದಲ್ಲಿ ಕೂತು, ಮಗ ಹೋದ ಮೇಲೆ ಒಬ್ಬರೇ ಕೂತು ಈ ಕೆಲಸ ಮಾಡಿಕೊಂಡು ಬಂದವರು. ಬಿರಡೆ ಒಂದನ್ನು ಬಿಚ್ಚಿ ನೋಡಿದರು. ಒಳಗಿನ ನೀರನ್ನು ಗಾಜಿನ ಕೊಳವೆಗೆ ಎಳೆದರು. ಕೊಳವೆಯೊಳಗೆ ಒಂದು ತೇಲುವ ಗುರುತು ಏಳುವ ಬದಲು ಅಡಿಯಲ್ಲಿ ಕೂತಿತು. ಅವರು ನನ್ನ ಮುಖ ನೋಡಿ ಕೇಳಿದರು, "ಬಾವಿ ನೀರು ಹಾಕಿದ್ದು ಯಾರು?"

"ದೇವಸ್ಥಾನದ ಬಾವಿ" ಎಂದೆ, ಶಿಕ್ಷೆ ಸ್ವಲ್ಪ ಕಡಿಮೆಯಾದೀತೆಂಬ ಆಸೆಯಿಂದ.

"ನಮಗೆ ಕುಡಿಯಲಿಕ್ಕೆ ಅದು ಒಳ್ಳೆದು ಮಾಷ್ಟ್ರೇ, ಅದರಲ್ಲಿ ಮಣ್ಣಿನ ಸತ್ವ ಉಂಟು. ಇದಕ್ಕೆ ಸತ್ವ ಆಗುದಿಲ್ಲ. ಇದಕ್ಕೆ ಏನೂ ಇಲ್ಲದ ನೀರು ಬೇಕು." ಜಗಲಿಯ ಮೂಲೆಯಲ್ಲಿದ್ದ ದೊಡ್ಡ ಭರಣಿಗಳನ್ನು ತೋರಿಸಿದರು. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ, ಮನೆಯ ಮಾಡಿನಿಂದ ಇಳಿದ ನೀರಲ್ಲ, ಅಂಗಳದ ನಡುವೆ ಭರಣಿ ಇಟ್ಟು ಆಕಾಶದಿಂದ ನೇರ ಹಿಡಿದ ಮಳೆನೀರು. ಔಷಧದಂಗಡಿಯ ಬಾಟಲಿ ನೀರು ಸಿಗದ ಕಾಲಕ್ಕೆ ಅದೇ. ನಾನು ಹೇಳಿರಲೇ ಇಲ್ಲ, ಮೇಷ್ಟ್ರು ಎಂದು ಹೇಗೆ ತಿಳಿಯಿತು ಎಂದು ಕೇಳಿದೆ. "ಕೈಯಲ್ಲಿ ಚಾಕ್ ಪೀಸಿನ ಹುಡಿ ಉಂಟಲ್ಲ" ಎಂದರು.

ಒಳಗಿನ ಹಳೆಯದನ್ನು ಚೆಲ್ಲಿ, ತೊಳೆದು, ಹೊಸ ಆಸಿಡ್ಡು ಹಾಕಿ ನೋಡುವೆ, ಬದುಕಿದರೆ ಬದುಕಿತು ಎಂದರು. ಆ ದಿನ, ಮತ್ತೆ ಮೂರನೆಯ ದಿನ, ನಾನು ಆ ಜಗಲಿಯಲ್ಲಿ ಮುಕ್ಕಾಲು ದಿನ ಕಳೆದೆ. ಅಷ್ಟು ಮನಸ್ಸಿಟ್ಟು ನಾನು ಕಾಲೇಜಿನಲ್ಲಿ ಕೂತಿದ್ದರೆ ನನ್ನ ಹಣೆಬರಹ ಬೇರೆಯಾಗುತ್ತಿತ್ತು. ಬೀಫಾತುಮ್ಮ ಅಡಿಗೆಮನೆಯಲ್ಲಿ ಪತ್ತಿರಿ ಎಂಬ ಅಕ್ಕಿರೊಟ್ಟಿಗೆ ಹಿಟ್ಟು ನಾದುತ್ತ ಇರುವರು. ಜಗಲಿಯಲ್ಲಿ ಬ್ಯಾಟರಿಗಳು ಸಣ್ಣಗೆ ಗುಳುಗುಳು ಎನ್ನುತ್ತಿರುವುವು. ನನಗೆ ಎಲ್ಲ ಒಂದೇ ಸದ್ದು. ಒಳಗಿಂದ ಅವರು, "ಮಾಷ್ಟ್ರೇ, ಈ ಕಡೆಯಿಂದ ನಾಲ್ಕನೇದು ತುಂಬಿತು, ಅದರ ವಯರು ತೆಗಿಲಿಕ್ಕೆ ಉಂಟು. ಮೊದಲು ಚಾರ್ಜು ಮಾಡುವ ಪೆಟ್ಟಿಗೆಯ ಸ್ವಿಚ್ಚು ಬಂದ್ ಮಾಡಿ, ಕಿಡಿ ಹಾರಬಾರದು" ಎನ್ನುವರು. ಹೋಗಿ ನೋಡಿದರೆ ನಾಲ್ಕನೆಯದು ಮಾತ್ರ ಹಬ್ಬದ ಮನೆಯ ಹಾಗೆ ಕೊತಕೊತ ಎನ್ನುತ್ತಿದೆ. ಗಾಜಿನ ಕೊಳವೆ ಇಳಿಸಿದರೆ ಗುರುತು ಸರಿಯಾಗಿ ಎದ್ದು ನಿಂತಿದೆ. ಒಲೆಯ ಮುಂದೆ ಕೂತು, ಗೋಡೆಯಾಚೆಗಿನ ಹನ್ನೆರಡು ಬ್ಯಾಟರಿಗಳಲ್ಲಿ ಯಾವುದರ ಹೊಟ್ಟೆ ತುಂಬಿತೆಂದು ಬಲ್ಲವರನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಬ್ಯಾಟರಿ ಬದುಕಿತು. ಹೊರಡುವಾಗ ಬೀಫಾತುಮ್ಮ ನನಗೆ ಪಾಠ ಹೇಳಿದರು. ಬೋಟು ಕಟ್ಟಿದ ಮೇಲೆ ಬ್ಯಾಟರಿಯ ಸಂಪರ್ಕ ತಪ್ಪಿಸುವ ದೊಡ್ಡ ಸ್ವಿಚ್ಚು ಬಂದ್ ಮಾಡಬೇಕು, ಆದರೆ ಇಂಜಿನು ಓಡುವಾಗ ಅದನ್ನು ಮುಟ್ಟಲೇಬಾರದು. ಕೊಂಬಿನ ಮೇಲೆ ಬಿಳಿ ಬೂಸ್ಟು ಬಂದರೆ ಬಿಸಿನೀರು ಹೊಯ್ದು, ಒರಸಿ, ವ್ಯಾಸಲೀನ್ ಹಚ್ಚಬೇಕು. ಹತ್ತಿರ ಬೀಡಿ ಸೇದಬಾರದು. ಕೊನೆಗೆ ಹೇಳಿದರು, "ಒಂದು ದಿನ ಇದು ಟಕ್ ಅಂತ ಹೇಳಿ ಸುಮ್ಮನೆ ಕೂತುಕೊಳ್ತದೆ. ಆಗ ಹೆದರಬೇಡಿ. ಲೈಟು ಹಾಕಿ ನೋಡಿ. ಲೈಟು ಜೋರು ಉಂಟು ಅಂತಾದ್ರೆ ಇದರಲ್ಲಿ ಶಕ್ತಿ ಉಂಟು, ದಾರಿ ಕಟ್ಟಿದೆ ಅಂತ ಲೆಕ್ಕ. ಗುಂಡಿ ಒತ್ತಿ ಹಿಡಿಯಲಿಕ್ಕೆ ಹೇಳಿ, ನೀವು ದಪ್ಪ ವಯರಿನ ಒಂದೊಂದು ಜೋಡಣೆ ಮುಟ್ಟಿಕೊಂಡು ಹೋಗಿ. ಎಲ್ಲಿ ಬಿಸಿ ಉಂಟೋ ಅಲ್ಲೇ ರೋಗ." ತಮ್ಮ ಅಂಗೈ ತೋರಿಸಿದರು. ಅದರಲ್ಲಿ ಸುಟ್ಟ ಕಲೆಗಳು ಬೇಕಾದಷ್ಟಿದ್ದವು. "ಹೂಂ, ಗೊತ್ತುಂಟು" ಎಂದೆ. ಗೊತ್ತಿರಲಿಲ್ಲ.

ಮರುವರ್ಷದ ಮಳೆಗಾಲ. ಜುಲೈ ತಿಂಗಳ ಒಂದು ಮುಂಜಾನೆ, ಶಾಲೆಗೆ ನೆರೆಯ ರಜೆ. ಆಚೆ ದಡದಲ್ಲಿ ಹೆರಿಗೆ ನೋವು ತಿನ್ನುತ್ತಿದ್ದವಳೊಬ್ಬಳು ಇದ್ದಳು, ಮಗು ಅಡ್ಡ ತಿರುಗಿದಂತಿದೆ ಎಂದು ಅವಳ ಗಂಡ ಹೊಳೆಯಾಚೆಯಿಂದ ಕೂಗಿ ಕೂಗಿ ಹೇಳಿದ. ನಮ್ಮ ನರ್ಸು ಲಿಲ್ಲಿಬಾಯಿ ಕೊಡೆ ಬಿಡಿಸಿಕೊಂಡು, ಚರ್ಮದ ಚೀಲ ಹಿಡಿದುಕೊಂಡು ಕಡವಿಗೆ ಬಂದರು. ಐತಪ್ಪ ಹೊಳೆಯನ್ನು ನೋಡಿದ, ಆಕಾಶವನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. "ಮಾಷ್ಟ್ರೇ, ನೀವೂ ಕೂತುಕೊಳ್ಳಿ. ನಿಮ್ಮ ಬ್ಯಾಟರಿ ಎಲ್ಲಿಯಾದ್ರೂ ಕೈಕೊಟ್ಟರೆ ನಂಗೆ ಅದರ ಭಾಷೆ ಬರುದಿಲ್ಲ." ನನಗೆ ಈಜು ಬರುವುದಿಲ್ಲ ಎಂಬುದನ್ನು ಹೇಳುವ ಸಂದರ್ಭ ಅದಲ್ಲ.

ನಾವು ಮೂವರೇ. ನಡುಹೊಳೆಯ ತನಕ ಇಂಜಿನು ಗತ್ತಿನಿಂದ ಹೋಯಿತು. ಅಷ್ಟರಲ್ಲಿ ಮೇಲಿಂದ ತೇಲಿ ಬಂದ ಮರದ ದೊಡ್ಡ ಗೆಲ್ಲೊಂದು ಬೋಟಿನ ಅಡಿಗೆ ನುಗ್ಗಿ ಪಂಖಕ್ಕೆ ಸಿಕ್ಕಿಕೊಂಡಿತು. ಇಂಜಿನು ಒಮ್ಮೆ ಕೆಮ್ಮಿ ನಿಂತಿತು. ನಿಂತ ಕೂಡಲೇ ಹೊಳೆಯ ಸದ್ದು ಕೇಳಿಸಿತು. ಅದುವರೆಗೆ ಇಂಜಿನಿನ ಸದ್ದು ಅದನ್ನು ಮುಚ್ಚಿಟ್ಟಿತ್ತು. ಬೋಟು ಅಡ್ಡ ತಿರುಗಿ ಕೆಳಮುಖವಾಗಿ ಓಡತೊಡಗಿತು. ಎರಡು ಫರ್ಲಾಂಗು ಕೆಳಗೆ ಆನೆಕಲ್ಲು ಎಂದು ಕರೆಯುವ ಬಂಡೆಗಳ ಸಾಲು. ಬೇಸಗೆಯಲ್ಲಿ ನಾವು ಅದರ ಮೇಲೆ ಕೂತು ಗಾಳಿ ತೆಗೆದುಕೊಳ್ಳುತ್ತಿದ್ದೆವು. ಈಗ ಅಲ್ಲಿ ನೀರು ಆಳೆತ್ತರ ಹಾರುತ್ತಿತ್ತು.

ಐತಪ್ಪ ಮೂವತ್ತು ವರ್ಷ ಹೊಳೆಯಲ್ಲಿ ಬಾಳಿದವನು. ನೆರೆಯಲ್ಲಿ ಅರ್ಧ ಮುಳುಗಿ ನಿಂತ ಮರವೊಂದರ ಹತ್ತಿರ ಬೋಟು ಹಾಯುವಾಗ ಹಗ್ಗದ ಕುಣಿಕೆ ಎಸೆದ. ಅದು ಒಂದು ಕೊಂಬೆಗೆ ಬಿತ್ತು. ಬೋಟು ಜಗ್ಗಿ ನಿಂತಿತು. ಅವನು ಬಾಗಿ, ಕತ್ತಿಯಿಂದ ಪಂಖದ ಗೆಲ್ಲನ್ನು ಕಡಿದು ಬಿಡಿಸಿದ. "ಆಯ್ತು!" ಎಂದು ಗುಂಡಿ ಒತ್ತಿದ.

ಟಕ್.

ಇನ್ನೊಮ್ಮೆ ಒತ್ತಿದ. ಟಕ್. ಹಗ್ಗ ಸಿಕ್ಕಿದ್ದ ಕೊಂಬೆ ಕಿರ್ರೆಂದಿತು. ಲಿಲ್ಲಿಬಾಯಿ ಚೀಲವನ್ನು ಮಡಿಲಿಗೆ ಎಳೆದುಕೊಂಡು, ಬಸ್ಸು ಕಾಯುವವರ ಧ್ವನಿಯಲ್ಲಿ ಕೇಳಿದರು, "ಮಾಸ್ಟರೇ, ಇದು ಶುರು ಆಗ್ತದಾ, ಇಲ್ಲ ನಾನು ಚಪ್ಪಲಿ ತೆಗಿಲಿಕ್ಕಾ?"

ಗೂಡಿನ ಮುಚ್ಚಳ ತೆಗೆದೆ. ಕೊಂಬುಗಳು ಶುಭ್ರವಾಗಿದ್ದವು, ವ್ಯಾಸಲೀನ್ ಹೊಳೆಯುತ್ತಿತ್ತು, ನೀರು ಸರಿಯಾಗಿತ್ತು. ನಾನು ಮಾಡಬೇಕಾದ್ದೆಲ್ಲ ಮಾಡಿದ್ದೆ. ಆದರೂ ಟಕ್. ತಲೆಯೊಳಗೆ ಓಮನ ನಿಯಮ ತನ್ನಷ್ಟಕ್ಕೆ ಓಡತೊಡಗಿತು: ತಾಪ ಸ್ಥಿರವಾಗಿರುವಾಗ ವಾಹಕವೊಂದರಲ್ಲಿ ಹರಿಯುವ ವಿದ್ಯುತ್ ಪ್ರವಾಹವು... ಎಷ್ಟು ಚೆನ್ನಾಗಿ ಬಾಯಿಪಾಠವಾಗಿತ್ತೆಂದರೆ ಅದನ್ನು ನಿಲ್ಲಿಸುವುದೇ ಕಷ್ಟವಾಯಿತು. ಹೇಗೋ ಅದರ ನಡುವೆ ಬೀಫಾತುಮ್ಮನ ಧ್ವನಿ ನುಗ್ಗಿತು. "ಐತಪ್ಪಾ, ಲೈಟು ಹಾಕು!" ಎಂದು ಕಿರುಚಿದೆ. ಹಗಲಿನಲ್ಲಿ ಲೈಟು ಯಾಕೆಂದು ಅವನು ಕೇಳಲಿಲ್ಲ, ಹಾಕಿದ. ಮೂತಿಯ ದೀಪ ಮಳೆಯಲ್ಲಿ ಬೆಳ್ಳಗೆ ಹೊತ್ತಿತು. ಶಕ್ತಿ ಉಂಟು. ದಾರಿ ಕಟ್ಟಿದೆ.

"ಗುಂಡಿ ಒತ್ತಿ ಹಿಡಿ. ಬಿಡು ಅಂದಾಗ ಬಿಡು." ಟಕ್. ಬೋಟಿನ ತಳಕ್ಕೆ ಮಂಡಿಯೂರಿ, ದಪ್ಪ ವಯರನ್ನು ಹಿಡಿದುಕೊಂಡು ಹೋದೆ. ಕೆಂಪು ವಯರು, ಬ್ಯಾಟರಿಯ ಕೊಂಬು: ತಣ್ಣಗೆ. ದೊಡ್ಡ ಸ್ವಿಚ್ಚು: ತಣ್ಣಗೆ. ಸ್ಟಾರ್ಟರಿನ ತುದಿ: ತಣ್ಣಗೆ. ಕಪ್ಪು ವಯರು, ಕೊಂಬು: ತಣ್ಣಗೆ. ಅದರ ಇನ್ನೊಂದು ತುದಿ ಇಂಜಿನಿನ ಅಡಿಯಲ್ಲಿ ಒಂದು ಬೋಲ್ಟಿಗೆ ಹೋಗಿ ಸೇರುತ್ತಿತ್ತು. ಬೋಟು ಬಂದಂದಿನಿಂದ ನಾನು ಒಮ್ಮೆಯೂ ಬಗ್ಗಿ ನೋಡಿರದ ಜಾಗ. ಕೈ ಹಾಕಿದೆ. "ಅಯ್ಯಮ್ಮಾ!" ಎಂದು ಕೂಗಿ ಕೈ ಎಳೆದುಕೊಂಡೆ. ಬೆರಳು ಚುರ್ರೆಂದಿತ್ತು. ನನ್ನ ಬದುಕಿನಲ್ಲಿ ನೋವಿನಿಂದ ಅಷ್ಟು ಸಂತೋಷಪಟ್ಟದ್ದು ಬೇರೆ ಇಲ್ಲ. "ಸಿಕ್ಕಿತು! ಬಿಡು, ಬಿಡು!"

ದೊಡ್ಡ ಸ್ವಿಚ್ಚು ಬಂದ್ ಮಾಡಿದೆ. ಆ ಬೋಲ್ಟಿನ ನಟ್ಟು ಇಂಜಿನಿನ ನಡುಕಕ್ಕೆ ಸಡಿಲವಾಗಿತ್ತು, ಬುಡದಲ್ಲಿ ತುಕ್ಕು. ಸ್ಪ್ಯಾನರ್ ಮನೆಯಲ್ಲಿ. ಬೋಟಿನಲ್ಲಿಟ್ಟರೆ ತುಕ್ಕು ಹಿಡಿಯುತ್ತದೆಂದು ಎಣ್ಣೆ ಹಚ್ಚಿ ಗೋಡೆಗೆ ನೇತುಹಾಕಿದವನು ನಾನೇ. "ಕೆರೆಯಲಿಕ್ಕೆ ಏನಾದರೂ ಉಂಟಾ ಲಿಲ್ಲಿಬಾಯಿ?" ಎಂದು ಕೇಳಿದೆ. ಲಿಲ್ಲಿಬಾಯಿ ಚೀಲ ತೆರೆದು, ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಕತ್ತರಿ ತೆಗೆದು, ಒಂದು ಕ್ಷಣ ಅದನ್ನೇ ನೋಡಿ ಕೊಟ್ಟರು. "ಹೊಕ್ಕುಳಬಳ್ಳಿ ಕತ್ತರಿಸುದು ಇದರಲ್ಲೇ. ತೆಗೊಳ್ಳಿ. ಅಲ್ಲಿ ಹೋಗಿ ಪುನಃ ಕುದಿಸ್ತೇನೆ." ವಯರಿನ ತಾಮ್ರದ ಬಳೆಯನ್ನೂ ಬೋಲ್ಟಿನ ಬುಡವನ್ನೂ ಹೊಳೆಯುವ ತನಕ ಕೆರೆದೆ. ಪುನಃ ಸೇರಿಸಿ, ನಟ್ಟನ್ನು ಕೈಯಿಂದ ತಿರುಗಿಸಿದೆ. ನನ್ನ ಬೆರಳಿಗೆ ಅದು ಜಗ್ಗಲಿಲ್ಲ. ಐತಪ್ಪ ನನ್ನನ್ನು ಬದಿಗೆ ಸರಿಸಿ ಕೈ ಹಾಕಿದ. ಬಿದಿರು ಹಿಡಿದು ಹಿಡಿದು ಗಂಟುಗಟ್ಟಿದ ಆ ಬೆರಳುಗಳು ಸ್ಪ್ಯಾನರಿಗೆ ಕಡಿಮೆಯೇನಲ್ಲ. ಒಂದು ಸುತ್ತು, ಇನ್ನರ್ಧ ಸುತ್ತು. ಕೊಂಬೆ ಪುನಃ ಕಿರ್ರೆಂದಿತು, ಈ ಸಲ ಅದರ ಸಿಪ್ಪೆ ಹರಿದ ಸದ್ದೂ ಕೇಳಿಸಿತು.

ದೊಡ್ಡ ಸ್ವಿಚ್ಚು ಹಾಕಿದೆ. ಐತಪ್ಪ ಗುಂಡಿ ಒತ್ತಿದ.

ಆ ಸದ್ದನ್ನು ಹೇಗೆ ಹೇಳಲಿ! ಕೆರೆದ ಒಂದು ಚೂರು ತಾಮ್ರದ ಮೂಲಕ, ಮಾತಿಲ್ಲದ ಆ ಪೆಟ್ಟಿಗೆಯಿಂದ, ಕಣ್ಣಿಗೆ ಕಾಣದ ಏನೋ ಒಂದು ಹೊರಟು ಇಂಜಿನನ್ನು ಕುತ್ತಿಗೆ ಹಿಡಿದು ತಿರುಗಿಸಿತು. ಬೋಟಿನ ಹಲಗೆಗಳೆಲ್ಲ ನಡುಗಿದವು. ಕಪ್ಪು ಹೊಗೆ ಮಳೆಗೆ ನುಗ್ಗಿತು. ಐತಪ್ಪ ಹಗ್ಗ ಕಡಿದ. ಅಷ್ಟು ದೊಡ್ಡ ಹೊಳೆಯ ಎದುರಿಗೆ ನಮ್ಮ ಪುಟ್ಟ ಬೋಟು ಮೊದಲು ನಿಂತಲ್ಲೇ ಗುದ್ದಾಡಿ, ಆಮೇಲೆ ಒಂದು ಮೊಳ, ಎರಡು ಮೊಳ ಮೇಲಕ್ಕೆ ಏರಿತು. ನಾನು ತಳದಲ್ಲಿ ಮಂಡಿಯೂರಿದವನು ಹಾಗೆಯೇ ಇದ್ದೆ. ಈ ಸಲ ಕೈಗಳು ತಾವಾಗಿ ಜೋಡಿಕೊಂಡವು. ಬಿಡಿಸಿಕೊಳ್ಳುವ ಮನಸ್ಸಾಗಲಿಲ್ಲ.

ಆಚೆ ದಡದ ಮನೆಯ ಜಗಲಿಯಲ್ಲಿ ಐತಪ್ಪನೂ ನಾನೂ ಒದ್ದೆ ಬಟ್ಟೆಯಲ್ಲಿ ಮೂರು ಗಂಟೆ ಕೂತಿದ್ದೆವು. ಒಳಗೆ ಏನು ನಡೆಯಿತೆಂದು ನನಗೆ ತಿಳಿಯದು. ಲಿಲ್ಲಿಬಾಯಿ ಮಗುವನ್ನು ಹೊರಗಿನಿಂದ ಕೈಯಲ್ಲೇ ಒತ್ತಿ ಒತ್ತಿ ನೇರ ಮಾಡಿದರೆಂದು ಆಮೇಲೆ ಹೆಂಗಸರು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಒಂದು ಅಳು ಕೇಳಿಸಿತು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಸುಖ. ಲಿಲ್ಲಿಬಾಯಿ ಕೈ ಒರಸಿಕೊಳ್ಳುತ್ತ ಹೊರಗೆ ಬಂದು, ನನ್ನ ಸುಟ್ಟ ಬೆರಳಿಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟಿದರು.

ಊರಿನಲ್ಲಿ ನನ್ನ ಬೆಲೆ ಏರಿತು. ರೈಗಳು ನಾಲ್ಕು ಜನರ ಎದುರು, "ಅದಕ್ಕೇ ಹೇಳುದು, ಕಲಿತವರು ಬೇಕು" ಎಂದರು. ನಾನು ಅಲ್ಲಗಳೆಯಲಿಲ್ಲ. ಆದರೆ ಮನಸ್ಸು ಕಡಿಯುತ್ತಲೇ ಇತ್ತು. ನೆರೆ ಇಳಿದ ಮೇಲೆ ಒಂದು ಆದಿತ್ಯವಾರ ಬೆಳ್ಳಾರೆಗೆ ಹೋಗಿ ಬೀಫಾತುಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಕೆಲಸ ನಿಲ್ಲಿಸಿ ಕೇಳಿದರು. ಕಪ್ಪು ವಯರಿನ ಬುಡ ಎಂದಾಗ, "ಹಾಂ, ಅದೇ. ಎಲ್ಲರೂ ಕೆಂಪನ್ನು ನೋಡುದು" ಎಂದರು. ಮಗುವಿನ ಸುದ್ದಿ ಹೇಳಿದಾಗ ಕಣ್ಣೊರಸಿಕೊಂಡು ಚಾ ತರಲು ಎದ್ದರು. ಚಾದ ಗ್ಲಾಸು ಕೈಗೆ ಕೊಟ್ಟು, ಗುಳುಗುಳು ಎನ್ನುವ ಬ್ಯಾಟರಿಗಳ ಎದುರು ನನ್ನ ಪಕ್ಕದಲ್ಲಿ ಕೂತು, ಬಹಳ ಸಂಕೋಚದಿಂದ ಕೇಳಿದರು:

"ಮಾಷ್ಟ್ರೇ, ನೀವು ಕಲಿತವರು. ಒಂದು ಕೇಳ್ಬೇಕು ಅಂತ ಇತ್ತು. ಇಷ್ಟು ವರ್ಷ ಇದನ್ನು ತುಂಬಿಸ್ತಾ ಇದ್ದೇನೆ. ಒಳಗೆ ತುಂಬುದು ಎಂತ?"

ಉತ್ಸಾಹದಿಂದ ಶುರು ಮಾಡಿದೆ. ಸೀಸದ ತಗಡು, ಗಂಧಕಾಮ್ಲ, ಧನ, ಋಣ, ಎಲ್ಲ ಹೇಳಿದೆ. ಅವರು ಒಂದಕ್ಷರ ಬಿಡದೆ ಕೇಳಿದರು.

"ಅದು ಸರಿ. ಆದ್ರೆ ಅದು ಒಂದು ತಗಡಿಂದ ಇನ್ನೊಂದಕ್ಕೆ ಯಾಕೆ ಹೋಗುದು? ಇದ್ದಲ್ಲೇ ಇದ್ದರೆ ಆಗುದಿಲ್ವಾ ಅದಕ್ಕೆ?"

ಹನ್ನೊಂದು ವರ್ಷ, ಈಗ ಹನ್ನೆರಡು, ಯಾವ ವಿದ್ಯಾರ್ಥಿಯೂ ಅದನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಜಗಲಿಯಲ್ಲಿ ಹನ್ನೆರಡು ಬ್ಯಾಟರಿಗಳು ನಾನೇನು ಹೇಳುತ್ತೇನೋ ಎಂದು ಕಾಯುತ್ತಿದ್ದಂತೆ ಕಂಡವು.

"ಅದು ಮೇಲಿನ ಕ್ಲಾಸಿನಲ್ಲಿ ಬರ್ತದೆ" ಎಂದೆ.

"ಓ, ಹಾಗಾ" ಎಂದು ಬೀಫಾತುಮ್ಮ ಭಕ್ತಿಯಿಂದ ತಲೆಯಾಡಿಸಿದರು. ಆ ಮಾತನ್ನು ಅಷ್ಟು ಪೂರ್ಣವಾಗಿ ನಂಬಿದ ವಿದ್ಯಾರ್ಥಿ ನನಗೆ ಇನ್ನೊಬ್ಬರು ಸಿಕ್ಕಿಲ್ಲ. ಚಾ ಕುಡಿದು ಮುಗಿಸುವ ತನಕ ನಾನು ಅವರ ಮುಖ ನೋಡಲಿಲ್ಲ.